ಸಿಗಾರ್ ಮತ್ತು ಬಿಯರ್: ರುಚಿಗಳ ಹೊಂದಾಣಿಕೆ

ಸಿಗಾರ್‌ನ ಹೊಗೆಗೆ ಒಪ್ಪುವ ಬಿಯರನ್ನು ಆರಿಸಿ, ಎರಡನ್ನೂ ಒಂದಾದ ಮೇಲೊಂದರಂತೆ ಸವಿಯುವ ಪದ್ಧತಿ. ಸಿಗಾರ್‌ಗೆ ಜೊತೆಯೆಂದರೆ ರಮ್, ವಿಸ್ಕಿ, ಬ್ರಾಂದಿ ಅಥವಾ ಪೋರ್ಟ್ ವೈನ್ ಎಂಬ ರೂಢಿ ಯುರೋಪು, ಅಮೆರಿಕಗಳಲ್ಲಿ ಬಹುಕಾಲ ನಡೆದುಬಂದಿತ್ತು. ಬಿಯರ್ ಆ ಸಾಲಿಗೆ ಗಂಭೀರವಾಗಿ ಸೇರಿದ್ದು 20ನೆಯ ಶತಮಾನದ ಕೊನೆಯಲ್ಲಿ. ತಡವಾಗಿ ಸೇರಿದರೂ ಅದರ ಹಕ್ಕು ಗಟ್ಟಿಯಾದದ್ದು. ಸಿಗಾರ್ ಮತ್ತು ಬಿಯರ್ ಎರಡೂ ಹೊಲದಿಂದ ಬಂದವು. ಎರಡಕ್ಕೂ ರುಚಿ ಹುಟ್ಟುವುದು ಹುದುಗುವಿಕೆಯಿಂದ ಮತ್ತು ಬಿಸಿಗೆ ಕಂದು ಬಣ್ಣ ತಿರುಗುವ ಕ್ರಿಯೆಯಿಂದ. ಹಾಗಾಗಿ ಯಾವುದಕ್ಕೆ ಯಾವುದು ಜೊತೆ ಎಂಬುದನ್ನು ಬೆಲೆಯಿಂದಲೋ ಹೆಸರಿನಿಂದಲೋ ಅಳೆಯುವುದಕ್ಕಿಂತ, ಅವು ತಯಾರಾದ ಬಗೆಯಿಂದ ತಿಳಿಯುವುದು ಸರಿಯಾದ ದಾರಿ. ತಂಬಾಕು ಮತ್ತು ಮದ್ಯ ಎರಡೂ ಕ್ಯಾನ್ಸರ್‌ಕಾರಕಗಳು, ಕೂಡಿದಾಗ ಅವುಗಳ ಕೇಡು ಇನ್ನೂ ಹೆಚ್ಚು. ಈ ಸಂಗತಿಯನ್ನು ಬಿಟ್ಟು ಈ ಪದ್ಧತಿಯ ಯಾವ ವಿವರಣೆಯೂ ಪೂರ್ಣವಾಗುವುದಿಲ್ಲ.

ಸಿಗಾರ್‌ನ ರಚನೆ

ಕೈಯಲ್ಲಿ ಸುತ್ತಿದ ಸಿಗಾರ್‌ನಲ್ಲಿ, ತುದಿ ಅಂಟಿಸಲು ಬಳಸುವ ಚೂರು ಸಸ್ಯದ ಅಂಟನ್ನು ಬಿಟ್ಟರೆ, ಹೊಗೆಸೊಪ್ಪಿನ ಹೊರತು ಬೇರೇನೂ ಇಲ್ಲ. ಒಳಗೆ ಫಿಲ್ಲರ್ ಎಂಬ ತಿರುಳು, ಅದನ್ನು ಬಿಗಿಯಾಗಿ ಹಿಡಿಯುವ ಬೈಂಡರ್, ಮೇಲೆ ನಯವಾದ ರ‍್ಯಾಪರ್ ಎಲೆ, ಹೀಗೆ ಮೂರು ಪದರ. ತಿರುಳಿಗೆ ಗಿಡದ ಬೇರೆ ಬೇರೆ ಎತ್ತರದ ಎಲೆಗಳನ್ನು ಬೆರೆಸುತ್ತಾರೆ. ಬುಡದ ಕಡೆಯ ವೊಲಾಡೊ ಎಲೆ ಸಲೀಸಾಗಿ ಉರಿಯುತ್ತದೆ. ನಡುವಿನ ಸೆಕೊ ಪರಿಮಳ ಕೊಡುತ್ತದೆ. ಹೆಚ್ಚು ಬಿಸಿಲು ಕಂಡ ಮೇಲ್ತುದಿಯ ಲಿಗೆರೊ ದಪ್ಪನಾದದ್ದು, ನಿಧಾನಕ್ಕೆ ಉರಿಯುವಂಥದ್ದು. ನಿಕೋಟಿನ್ ಮತ್ತು ಖಾರ ಎರಡೂ ಅದರಲ್ಲೇ ಹೆಚ್ಚು. ಒಂದು ಸಿಗಾರ್ ಸೌಮ್ಯವೋ ಕಟುವೋ ಎಂಬುದು ಬಹುಮಟ್ಟಿಗೆ ಅದರಲ್ಲಿ ಎಷ್ಟು ಲಿಗೆರೊ ಸೇರಿದೆ ಎಂಬುದರ ಮೇಲೆ ನಿಂತಿದೆ.

ಕೊಯ್ದ ಎಲೆಯನ್ನು ಗಾಳಿಯಾಡುವ ಕೊಟ್ಟಿಗೆಗಳಲ್ಲಿ ವಾರಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ. ಹಸಿರು ಮಾಸಿ ಕಂದು ಬರುವ ಈ ಹಂತದಲ್ಲಿ ಎಲೆಯ ಸಕ್ಕರೆಯ ಬಹುಪಾಲು ತೀರಿಹೋಗುತ್ತದೆ. ಆಮೇಲೆ ಎಲೆಗಳಿಗೆ ತುಸು ತೇವ ಕೊಟ್ಟು ಪಿಲೋನ್ ಎಂಬ ದೊಡ್ಡ ಮೆದೆಗಳಾಗಿ ಒಟ್ಟುತ್ತಾರೆ. ಮೆದೆಯ ಒಡಲು ತಾನಾಗಿಯೇ ಕಾಯತೊಡಗುತ್ತದೆ. ನಡುವೆ ತೂರಿಸಿಟ್ಟ ಉಷ್ಣಮಾಪಕ ಗೊತ್ತುಮಾಡಿದ ಮಟ್ಟ ಮುಟ್ಟಿದೊಡನೆ ಕೆಲಸಗಾರರು ಮೆದೆಯನ್ನು ಬಿಚ್ಚಿ, ಒಳಗಿದ್ದ ಎಲೆ ಹೊರಗೂ ಹೊರಗಿದ್ದದ್ದು ಒಳಗೂ ಬರುವಂತೆ ಮತ್ತೆ ಕಟ್ಟುತ್ತಾರೆ. ಆಗ ಮೂಗಿಗೆ ಬಡಿಯುವ ಘಾಟು ಅಮೋನಿಯದ್ದು. ಅದು ಹೊರಹೋದಷ್ಟೂ ಹೊಗೆ ಮೃದುವಾಗುತ್ತದೆ. ಹೆಚ್ಚು ಕಾಲ, ಹೆಚ್ಚು ಬಿಸಿಯಲ್ಲಿ ಹುದುಗಿದ ಎಲೆಯೇ ಮಡೂರೊ. ಅದರ ಬಣ್ಣ ಕಡುಗಂದು. ರುಚಿಯಲ್ಲಿ ಕೋಕೊ, ಕಾಫಿ, ಒಣದ್ರಾಕ್ಷಿಗಳನ್ನು ನೆನಪಿಸುವ ಸಿಹಿ. ನೆರಳಿನ ಬಟ್ಟೆಯಡಿ ಬೆಳೆದ ಕನೆಕ್ಟಿಕಟ್ ಶೇಡ್ ಎಲೆ ಇದಕ್ಕೆ ತದ್ವಿರುದ್ಧ: ತೆಳು, ಹೊಂಬಣ್ಣ, ಬೆಣ್ಣೆ ಮತ್ತು ಒಣಹುಲ್ಲಿನ ಪರಿಮಳ.

ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ಟಾ ಅಬಾಹೊ, ಡೊಮಿನಿಕನ್ ಗಣರಾಜ್ಯದ ಸಿಬಾವೊ ಕಣಿವೆ, ನಿಕರಾಗ್ವದ ಎಸ್ಟೆಲಿ ಮತ್ತು ಹಲಾಪ, ಹೊಂಡುರಾಸ್‌ನ ಹಮಾಸ್ಟ್ರಾನ್ ಕಣಿವೆ ಹೆಸರಾಂತ ಬೆಳೆನೆಲಗಳು. ರ‍್ಯಾಪರ್ ಎಲೆಗೆ ಎಕ್ವಡಾರ್, ಕ್ಯಾಮರೂನ್, ಇಂಡೊನೇಷ್ಯದ ಸುಮಾತ್ರ, ಮೆಕ್ಸಿಕೊದ ಸಾನ್ ಆಂಡ್ರೆಸ್ ಕೂಡ ಪ್ರಸಿದ್ಧ. ಸಿಗಾರ್‌ನ ಉದ್ದವನ್ನು ಅಂಗುಲದಲ್ಲೂ ದಪ್ಪವನ್ನು ರಿಂಗ್ ಗೇಜ್‌ನಲ್ಲೂ ಹೇಳುತ್ತಾರೆ. ಒಂದು ರಿಂಗ್ ಎಂದರೆ ಅಂಗುಲದ 64ನೆಯ ಒಂದು ಭಾಗ. 5 ಅಂಗುಲ ಉದ್ದ, 50 ರಿಂಗ್ ದಪ್ಪದ ರೊಬಸ್ಟೊ ಇಂದು ಎಲ್ಲೆಡೆ ಕಾಣುವ ಅಳತೆ.

ಬಿಯರ್‌ನಲ್ಲಿ ರುಚಿ ಬರುವ ಬಗೆ

ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಘಮ್ಮೆನ್ನುವಂತೆ ಹುರಿಯುವ ಹದವನ್ನು ಬಲ್ಲವರಿಗೆ ಬಾರ್ಲಿ ಮಾಲ್ಟ್‌ನ ಕೆಲಸ ಹೊಸದೆನಿಸದು. ಮೊಳಕೆಯೊಡೆದ ಬಾರ್ಲಿಯನ್ನು ಸಣ್ಣ ಶಾಖದಲ್ಲಿ ಒಣಗಿಸಿದರೆ ತೆಳು ಬಣ್ಣದ, ಬ್ರೆಡ್ಡಿನ ಪರಿಮಳದ ಮಾಲ್ಟ್. ಶಾಖ ಏರಿದಂತೆ ಬಿಸ್ಕತ್ತು, ಕ್ಯಾರಮೆಲ್, ಚಾಕೊಲೇಟು, ಕಡೆಗೆ ಕಡು ಕಾಫಿಯ ರುಚಿ. ಸಕ್ಕರೆ ಮತ್ತು ಅಮೈನೊ ಆಮ್ಲಗಳು ಬಿಸಿಯಲ್ಲಿ ಕೂಡಿ ಕಂದಾಗುವ ಮೈಯಾರ್ ಕ್ರಿಯೆಯೇ ಇದಕ್ಕೆ ಕಾರಣ. ಹುರಿದ ಧಾನ್ಯದ ಘಮಕ್ಕೆ ಮೂಲವಾದ ಪೈರಜೀನ್ ಎಂಬ ಸಂಯುಕ್ತಗಳು ಹುದುಗಿದ ಹೊಗೆಸೊಪ್ಪಿನಲ್ಲೂ ಇವೆ. ಮಡೂರೊ ಸಿಗಾರ್ ಮತ್ತು ಕಪ್ಪು ಬಿಯರ್ ಒಂದನ್ನೊಂದು ಸಲೀಸಾಗಿ ಒಪ್ಪಿಕೊಳ್ಳುವುದಕ್ಕೆ ಈ ನಂಟು ಒಂದು ಮುಖ್ಯ ಕಾರಣ.

ಕಹಿ ಬರುವುದು ಹಾಪ್ಸ್ ಹೂವಿನಿಂದ. ಕುದಿಯುವಾಗ ಹಾಪ್ಸ್‌ನ ಆಲ್ಫಾ ಆಮ್ಲಗಳು ರೂಪ ಬದಲಿಸಿ ಕಹಿಯಾಗುತ್ತವೆ; ಅದರ ಅಳತೆಯೇ ಐಬಿಯು. ತಡವಾಗಿ ಹಾಕಿದ ಹಾಪ್ಸ್ ಕಹಿಗಿಂತ ಹೆಚ್ಚಾಗಿ ಕಿತ್ತಳೆ ಸಿಪ್ಪೆ, ಪೈನ್ ಮರ, ಹೂವುಗಳ ಪರಿಮಳ ಬಿಡುತ್ತದೆ. ಯೀಸ್ಟ್‌ನ ಕೊಡುಗೆ ಬೇರೆ. ಬವೇರಿಯದ ಗೋಧಿ ಬಿಯರ್‌ನಲ್ಲಿ ಕಾಣುವ ಲವಂಗ ಮತ್ತು ಬಾಳೆಹಣ್ಣಿನ ಪರಿಮಳಗಳೆರಡೂ ಯೀಸ್ಟ್‌ನ ಕೆಲಸ. ಬೆಲ್ಜಿಯಂನ ಏಲ್ ಬಗೆಯ ಬಿಯರ್‌ಗಳಲ್ಲಿ ಮೆಣಸು, ಒಣಹಣ್ಣುಗಳ ಛಾಯೆ ಯೀಸ್ಟ್‌ನಿಂದಲೂ ಕಪ್ಪಗೆ ಕಾಯಿಸಿದ ಸಕ್ಕರೆಯಿಂದಲೂ ಬರುತ್ತದೆ.

ಉಳಿದ ಮದ್ಯಗಳಲ್ಲಿ ಒಟ್ಟಿಗೆ ಸಿಗದ ಎರಡು ಗುಣಗಳು ಬಿಯರ್‌ನಲ್ಲಿವೆ. ಮೊದಲನೆಯದು ಇಂಗಾಲದ ಡೈ ಆಕ್ಸೈಡಿನ ಗುಳ್ಳೆ. ನಾಲಗೆಯನ್ನು ಚುರುಗುಟ್ಟಿಸುವ ಈ ಗುಳ್ಳೆ ಹೊಗೆ ಬಿಟ್ಟುಹೋದ ಎಣ್ಣೆ ಜಿಡ್ಡಿನಂಥ ಲೇಪವನ್ನು ಎಬ್ಬಿಸಿ ತೊಳೆಯುತ್ತದೆ. ಎರಡನೆಯದು ಹರವು. ಶೇ. 4ರ ಮದ್ಯಸಾರದ ತಿಳಿ ಲಾಗರ್‌ನಿಂದ ಶೇ. 12 ದಾಟುವ ಇಂಪೀರಿಯಲ್ ಸ್ಟೌಟ್‌ವರೆಗೆ, ಒಣ ಕಹಿಯಿಂದ ಗಾಢ ಸಿಹಿಯವರೆಗೆ ಬಿಯರ್ ಒಂದೇ ಹೆಸರಿನಡಿ ನೂರು ಬಗೆಯಾಗಿ ನಿಲ್ಲುತ್ತದೆ. ಅತಿ ಸೌಮ್ಯ ಸಿಗಾರ್‌ಗೂ ಅತಿ ಕಟುವಾದದ್ದಕ್ಕೂ ಅದರಲ್ಲಿ ಜೊತೆ ಸಿಗುತ್ತದೆ.

ಇತಿಹಾಸ

1492ರ ನವೆಂಬರಿನಲ್ಲಿ ಕೊಲಂಬಸ್‌ನ ತಂಡದ ರೊಡ್ರಿಗೊ ದೆ ಹೆರೆಸ್ ಮತ್ತು ಲೂಯಿಸ್ ದೆ ಟೊರೆಸ್ ಕ್ಯೂಬಾದ ಒಳನಾಡಿಗೆ ಹೋಗಿ, ಅಲ್ಲಿನ ಟೈನೊ ಜನ ಎಲೆ ಸುತ್ತಿ ಹೊಗೆ ಸೇದುವುದನ್ನು ಕಂಡರು. ಸ್ಪೇನ್ ಹೊಗೆಸೊಪ್ಪಿನ ವ್ಯಾಪಾರವನ್ನು ಅರಸನ ಹಿಡಿತಕ್ಕೆ ತಂದಿತು. ಸೆವಿಲ್‌ನಲ್ಲಿ 18ನೆಯ ಶತಮಾನದಲ್ಲಿ ಕಟ್ಟಿದ ಭವ್ಯ ತಂಬಾಕು ಕಾರ್ಖಾನೆ ಇಂದು ವಿಶ್ವವಿದ್ಯಾಲಯದ ಕಟ್ಟಡ. ಹವಾನದಲ್ಲಿ ಎಚ್. ಉಪ್‌ಮನ್ 1844ರಲ್ಲಿ, ಪಾರ್ತಗಾಸ್ 1845ರಲ್ಲಿ ಆರಂಭವಾದವು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಯುರೋಪಿನ ಬಿಯರ್ ಕೂಡ ಹೊಸ ರೂಪ ತಾಳುತ್ತಿತ್ತು. ಇಂಗ್ಲೆಂಡಿನ ಡೇನಿಯಲ್ ವೀಲರ್ 1817ರಲ್ಲಿ ಪೇಟೆಂಟ್ ಪಡೆದ ಉರುಳೆಯಾಕಾರದ ಹುರಿಯುವ ಯಂತ್ರದಿಂದ ಮಾಲ್ಟನ್ನು ಸುಟ್ಟು ಬೂದಿಯಾಗದಂತೆ ಕಪ್ಪಾಗಿಸಲು ಸಾಧ್ಯವಾಯಿತು. ಪೋರ್ಟರ್ ಮತ್ತು ಸ್ಟೌಟ್‌ಗಳಿಗೆ ಇಂದಿನ ಕಪ್ಪು ಬಣ್ಣ ಬಂದದ್ದು ಅಲ್ಲಿಂದ. 1842ರಲ್ಲಿ ಬೊಹೀಮಿಯದ ಪ್ಲ್ಜೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ತಯಾರಿಸಿದ ಹೊಂಬಣ್ಣದ ಪಿಲ್ಸ್ನರ್ ಜಗತ್ತಿನ ಬಹುಪಾಲು ಬಿಯರ್‌ಗೆ ಮಾದರಿಯಾಯಿತು. ಆ ಮಾದರಿ ಸಿಗಾರ್‌ನ ನಾಡುಗಳಿಗೂ ತಲುಪಿತು. ನಿಕರಾಗ್ವದ ವಿಕ್ಟೋರಿಯ, ಡೊಮಿನಿಕನ್ ಗಣರಾಜ್ಯದ ಪ್ರೆಸಿಡೆಂಟೆ, ಕ್ಯೂಬಾದ ಕ್ರಿಸ್ಟಾಲ್ ಎಲ್ಲವೂ ಈ ಬಳಗದ ತಿಳಿ ಲಾಗರ್‌ಗಳೇ.

ಹೊಂದಾಣಿಕೆಯನ್ನು ಒಂದು ಅಭ್ಯಾಸವಾಗಿ ಬೆಳೆಸಿದ್ದು ಅಮೆರಿಕ ಸಂಯುಕ್ತ ಸಂಸ್ಥಾನದ ಎರಡು ಅಲೆಗಳು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಯಲ್ಲಿ ಬಿಯರ್ ತಯಾರಿಸಲು ಕೇಂದ್ರ ಸರ್ಕಾರದ ಅಡ್ಡಿ ತಪ್ಪಿತು. 1980ರಲ್ಲಿ ಸಿಯೆರಾ ನೆವಾಡದಂಥ ಸಣ್ಣ ಬ್ರೂವರಿಗಳು ತಲೆಯೆತ್ತಿದವು. 1992ರಲ್ಲಿ ಮಾರ್ವಿನ್ ಶಾಂಕನ್ ಸಿಗಾರ್ ಅಫಿಸಿಯನಾಡೊ ಪತ್ರಿಕೆ ಆರಂಭಿಸಿದ ಮೇಲೆ ಆ ದಶಕದ ನಡುವಿನಲ್ಲಿ ಕೈಸುತ್ತಿನ ಸಿಗಾರ್‌ಗೆ ಭಾರಿ ಬೇಡಿಕೆ ಎದ್ದಿತು. ಎರಡೂ ಅಲೆಗಳು ಒಂದೇ ಕಾಲದಲ್ಲಿ ಹರಿದದ್ದರಿಂದ, ಬಗೆಬಗೆಯ ಬಿಯರ್ ಬಲ್ಲವರೂ ಬಗೆಬಗೆಯ ಸಿಗಾರ್ ಬಲ್ಲವರೂ ಒಂದೇ ಮೇಜಿನ ಸುತ್ತ ಕೂಡುವಂತಾಯಿತು.

ಹೊಂದಾಣಿಕೆಯ ತತ್ವಗಳು

ಭಾರ. ಮೊದಲು ನೋಡಬೇಕಾದದ್ದು ಎರಡರ ಬಲಾಬಲ. ಕನೆಕ್ಟಿಕಟ್ ಎಲೆಯ ಸೌಮ್ಯ ಸಿಗಾರ್ ಪಕ್ಕದಲ್ಲಿ ಇಂಪೀರಿಯಲ್ ಸ್ಟೌಟ್ ಇಟ್ಟರೆ ಎರಡು ಗುಟುಕಿನ ಮೇಲೆ ಹೊಗೆಯ ರುಚಿ ತಿಳಿಯುವುದಿಲ್ಲ. ಲಿಗೆರೊ ತುಂಬಿದ ನಿಕರಾಗ್ವದ ಸಿಗಾರ್ ಎದುರು ತಿಳಿ ಲಾಗರ್ ಬರಿಯ ತಣ್ಣೀರಾಗುತ್ತದೆ. ಭಾರದಲ್ಲಿ ಸಮನಾಗಿದ್ದರೆ ಉಳಿದ ಸಣ್ಣಪುಟ್ಟ ತೊಡಕುಗಳನ್ನು ನಾಲಗೆ ಸಹಿಸುತ್ತದೆ.

ಸಾಮ್ಯ. ಎರಡರಲ್ಲೂ ಇರುವ ಒಂದೇ ಜಾಡಿನ ರುಚಿ ಪರಸ್ಪರ ಬಲ ಪಡೆಯುತ್ತದೆ. ಮಡೂರೊದ ಕೋಕೊ ಮತ್ತು ಪೋರ್ಟರ್‌ನ ಚಾಕೊಲೇಟು ಮಾಲ್ಟ್, ಕ್ಯಾಮರೂನ್ ಎಲೆಯ ಮಸಾಲೆ ಮತ್ತು ಬೆಲ್ಜಿಯನ್ ಡುಬೆಲ್‌ನ ಲವಂಗ, ಕನೆಕ್ಟಿಕಟ್‌ನ ಬೆಣ್ಣೆ ಮತ್ತು ಹೆಲ್ಲೆಸ್ ಲಾಗರ್‌ನ ಬ್ರೆಡ್ಡು ಇದಕ್ಕೆ ಉದಾಹರಣೆ.

ವಿರೋಧ. ಖಾರಕ್ಕೆ ಸಿಹಿ ಎದುರಾದರೆ ಎರಡೂ ಹದಕ್ಕೆ ಬರುತ್ತವೆ. ಮೆಣಸಿನ ಖಾರದ ಸಿಗಾರ್‌ಗೆ ಡೊಪೆಲ್‌ಬೋಕ್ ಅಥವಾ ಬಾರ್ಲಿ ವೈನ್ ಎಂಬ ಗಾಢ ಬಿಯರ್‌ಗಳ ಮಾಲ್ಟ್ ಸಿಹಿ ಒಪ್ಪುವುದು ಹೀಗೆ. ಕಹಿಯ ಮಾತು ಬೇರೆ. ಹಾಪ್ಸ್‌ನ ಕಹಿಯೂ ಹೊಗೆಯ ಕಹಿಯೂ ಕೂಡಿದರೆ ನಾಲಗೆಯ ಹಿಂಭಾಗದಲ್ಲಿ ಒಗರು ಕಟ್ಟಿಕೊಳ್ಳುತ್ತದೆ. ಮದ್ಯಸಾರವೂ ಹೆಚ್ಚಾದರೆ ಖಾರದ ಉರಿ ಇಮ್ಮಡಿಸಿದಂತೆ ತೋರುತ್ತದೆ. ಕಡು ಕಹಿಯ ಐಪಿಎ (ಇಂಡಿಯ ಪೇಲ್ ಏಲ್) ಜೊತೆ ಕಟುವಾದ ಸಿಗಾರ್ ಹಚ್ಚುವವರಿಗೆ ಎದುರಾಗುವ ತೊಂದರೆ ಇದೇ.

ಹುಳಿ ಮತ್ತು ಕ್ಷಾರ. ಗಾಳಿಯಲ್ಲಿ ಒಣಗಿಸಿದ ಸಿಗಾರ್ ಎಲೆಯ ಹೊಗೆ ಕ್ಷಾರೀಯ. ಬಿಯರ್ ಆಮ್ಲೀಯ, ಅದರ ಪಿಎಚ್ ಸಾಮಾನ್ಯವಾಗಿ 4ರಿಂದ 4.6. ಹೊಗೆಯಿಂದ ಒಣಗಿದಂತಾದ ಬಾಯಿಗೆ ಬಿಯರ್‌ನ ಸಣ್ಣ ಹುಳಿ ಜೊಲ್ಲೂರಿಸಿ ಮತ್ತೆ ರುಚಿ ತಿಳಿಯುವಂತೆ ಮಾಡುತ್ತದೆ. ಗ್ಯೂಜ್‌ನಂಥ ತೀರಾ ಹುಳಿಯ ಬಿಯರ್ ಮಾತ್ರ ಕಷ್ಟದ ಜೊತೆ, ಹೊಗೆ ಅದರ ಮುಂದೆ ಬರಡಾಗಿ ಕಾಣುತ್ತದೆ.

ಕಾಲ. ಬರಹಗಳಲ್ಲಿ ಹೆಚ್ಚು ಚರ್ಚೆಯಾಗದ, ಆದರೆ ಫಲಿತಾಂಶವನ್ನು ನಿರ್ಧರಿಸುವ ಅಂಶವಿದು. ಒಂದು ರೊಬಸ್ಟೊ ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟು ಹೊತ್ತು ಲೋಟದಲ್ಲಿ ನಿಂತ ತಿಳಿ ಲಾಗರ್ ಬಿಸಿಯೇರಿ, ಗುಳ್ಳೆ ಸತ್ತು ಸಪ್ಪೆಯಾಗುತ್ತದೆ. ಸ್ಟೌಟ್, ಬಾರ್ಲಿ ವೈನ್, ಬೆಲ್ಜಿಯಂನ ಕಡು ಏಲ್‌ಗಳು 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ತಮ್ಮ ಪರಿಮಳವನ್ನೆಲ್ಲ ತೆರೆದುಕೊಳ್ಳುತ್ತವೆ, ಆದ್ದರಿಂದ ನಿಧಾನವೇ ಅವುಗಳಿಗೆ ಹಿತ. ಲಾಗರನ್ನೇ ಆರಿಸುವವರು ಸಣ್ಣ ಲೋಟದಲ್ಲಿ ಎರಡು ಸಲವಾಗಿ ಹಾಕಿಸಿಕೊಳ್ಳುವುದು ಅಥವಾ ಅರ್ಧ ಗಂಟೆಯಲ್ಲಿ ಮುಗಿಯುವ ಚಿಕ್ಕ ಸಿಗಾರ್ ಹಿಡಿಯುವುದು ಲೇಸು.

ಬಗೆಗಳಂತೆ ಜೊತೆ

ತಿಳಿ ಬಣ್ಣದ ಸೌಮ್ಯ ಸಿಗಾರ್‌ಗಳಿಗೆ ಪಿಲ್ಸ್ನರ್, ಹೆಲ್ಲೆಸ್, ಕೋಲ್ಷ್, ಗೋಧಿ ಬಿಯರ್ ಒಪ್ಪುತ್ತವೆ. ಗೋಧಿ ಬಿಯರ್‌ನ ತುಂಬು ಗುಳ್ಳೆ ಮತ್ತು ಲವಂಗದ ಪರಿಮಳ, ತೆಳು ಹೊಗೆಗೆ ಇಲ್ಲದ ಮಸಾಲೆಯನ್ನು ಒದಗಿಸುತ್ತದೆ.

ಕೆಂಪುಗಂದು ಬಣ್ಣದ, ಮಧ್ಯಮ ಬಲದ ಕೊರೊಹೊ ಮತ್ತು ಅಬಾನೊ ಎಲೆಗಳಿಗೆ ಆಂಬರ್ ಏಲ್, ಬ್ರೌನ್ ಏಲ್, ವಿಯೆನ್ನಾ ಲಾಗರ್ ಸೂಕ್ತ. ಆಂಟನ್ ಡ್ರೆಹರ್ 1841ರಲ್ಲಿ ರೂಪಿಸಿದ ವಿಯೆನ್ನಾ ಲಾಗರ್‌ನ ಸುಟ್ಟ ಬ್ರೆಡ್ಡಿನ ರುಚಿ ದೇವದಾರು, ಚರ್ಮ, ಒಣಕಾಯಿಗಳನ್ನು ನೆನಪಿಸುವ ಹೊಗೆಯ ಪಕ್ಕದಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಹಾಪ್ಸ್ ಪ್ರಿಯರು ಪೇಲ್ ಏಲ್ ಅಥವಾ ಕಹಿ ಹದವಾಗಿರುವ ಐಪಿಎ ಆರಿಸುವುದಾದರೆ ಅದಕ್ಕೆ ತಕ್ಕ ಜಾಗ ಇದು.

ಮಡೂರೊಗೆ ಪೋರ್ಟರ್, ಓಟ್‌ಮೀಲ್ ಸ್ಟೌಟ್, ಡೊಪೆಲ್‌ಬೋಕ್ ಸಹಜ ಜೊತೆಗಾರರು. ಗಿನ್ನೆಸ್ ಕಂಪನಿ 1959ರಲ್ಲಿ ರೂಢಿಗೆ ತಂದ ನೈಟ್ರೊಜನ್ ಪದ್ಧತಿಯ ಸ್ಟೌಟ್ ನೊರೆಯಲ್ಲಿ ಮೃದು, ಮದ್ಯಸಾರದಲ್ಲಿ ಹಗುರ. ಕಪ್ಪು ಬಣ್ಣ ಕಂಡು ಅದನ್ನು ಭಾರಿ ಬಿಯರ್ ಎಂದುಕೊಳ್ಳುವವರು ಬಹಳ. ನಿಜವಾಗಿ ಅದರ ಮದ್ಯಸಾರ ಶೇ. 4.2 ಮಾತ್ರ. ಹಾಗಾಗಿ ಸೌಮ್ಯ ಮಡೂರೊಗೆ ಅದು ಒಪ್ಪುತ್ತದೆ, ಕಟುವಾದದ್ದಕ್ಕೆ ಸಾಲದು.

ಕಟು ಸಿಗಾರ್‌ಗಳಿಗೆ ಇಂಪೀರಿಯಲ್ ಸ್ಟೌಟ್, ಬಾರ್ಲಿ ವೈನ್, ಬೆಲ್ಜಿಯನ್ ಕ್ವಾಡ್ರುಪೆಲ್ ಬೇಕು. 18ನೆಯ ಶತಮಾನದಲ್ಲಿ ಲಂಡನ್ನಿನಿಂದ ರಷ್ಯದ ಅರಮನೆಗೆ ಹೋಗುತ್ತಿದ್ದ ಗಾಢ ಸ್ಟೌಟ್‌ನ ವಂಶದ್ದು ಇಂಪೀರಿಯಲ್ ಸ್ಟೌಟ್. ಬೂರ್ಬನ್ ಪೀಪಾಯಿಗಳಲ್ಲಿ ಮಾಗಿಸಿದ ಸ್ಟೌಟ್‌ಗೆ ವೆನಿಲಾ ಮತ್ತು ಸುಟ್ಟ ಓಕ್‌ನ ರುಚಿ ಸೇರಿ ಅದು ಸಿಗಾರ್‌ಗೆ ಇನ್ನೂ ಹತ್ತಿರವಾಗುತ್ತದೆ. ಬೆಲ್ಜಿಯಂನ ರೋಷ್‌ಫೋರ್ ಮಠದ ಶೇ. 11.3 ಮದ್ಯಸಾರದ ‘10’ ಎಂಬ ಏಲ್‌ನಲ್ಲಿ ಅಂಜೂರ, ಒಣದ್ರಾಕ್ಷಿ, ಚಾಕೊಲೇಟು ಮೂರರ ಛಾಯೆಯೂ ಇದ್ದು, ಮಾಗಿದ ಎಲೆಯ ಸಿಗಾರ್ ಪಕ್ಕದಲ್ಲಿ ಅದು ಬಿಯರ್ ಎಂಬುದೇ ಮರೆಯುವಷ್ಟು ಗಾಢವಾಗಿ ನಿಲ್ಲುತ್ತದೆ.

ಬಾಂಬರ್ಗ್‌ನ ಹೊಗೆ ಬಿಯರ್

ಹೊಗೆಗೆ ಹೊಗೆಯನ್ನೇ ಜೊತೆ ಮಾಡುವ ವಿಶೇಷ ಪ್ರಕರಣ ಜರ್ಮನಿಯ ಬಾಂಬರ್ಗ್ ಊರಿನದು. ಹಿಂದೆ ಮಾಲ್ಟನ್ನು ನೇರ ಬೆಂಕಿಯ ಮೇಲೆ ಒಣಗಿಸುತ್ತಿದ್ದ ಕಾಲದಲ್ಲಿ ಬಹುತೇಕ ಬಿಯರ್‌ಗಳಿಗೆ ಹೊಗೆವಾಸನೆ ಇರುತ್ತಿತ್ತು. ಹೊಗೆ ತಾಗದ ಒಲೆಗಳು ಬಂದ ಮೇಲೆ ಉಳಿದ ಊರುಗಳು ಹಳೆಯ ರೀತಿಯನ್ನು ಕೈಬಿಟ್ಟವು, ಬಾಂಬರ್ಗ್ ಬಿಡಲಿಲ್ಲ. 1405ರಿಂದ ದಾಖಲೆಯಲ್ಲಿರುವ ಶ್ಲೆಂಕೆರ್ಲ ಪಾನಗೃಹದ ಬ್ರೂವರಿ ಇಂದಿಗೂ ಬೀಚ್ ಮರದ ಸೌದೆಯ ಹೊಗೆಯಲ್ಲಿ ತನ್ನ ಮಾಲ್ಟನ್ನು ತಾನೇ ಒಣಗಿಸುತ್ತದೆ. ಸೌದೆಯ ಲಿಗ್ನಿನ್ ಉರಿದು ಬರುವ ಗ್ವಯಕೋಲ್ ಮತ್ತು ಸಿರಿಂಗೋಲ್‌ಗಳು ಕಾಳಿಗೆ ಹಿಡಿದು ಬಿಯರ್‌ಗೆ ಇಳಿಯುತ್ತವೆ. ಗ್ವಯಕೋಲ್ ಹೊಗೆಸೊಪ್ಪಿನ ಹೊಗೆಯಲ್ಲೂ ಇದೆ. ಆದರೆ ಒಂದೇ ರುಚಿ ಎರಡು ಕಡೆಯಿಂದ ಸುರಿದರೆ ಬೇಗ ಬೇಸರ ಬರುತ್ತದೆ. ಅದಕ್ಕೆಂದೇ ಹೊಗೆ ಬಿಯರ್ ಜೊತೆ ಬೆಣ್ಣೆಯ ನಯವಿರುವ ಸೌಮ್ಯ ಸಿಗಾರನ್ನು ಇಡುವುದು ಒಳ್ಳೆಯದು: ಹೊಗೆಯನ್ನು ಬಿಯರ್ ಕೊಡುತ್ತದೆ, ಸಿಹಿಯನ್ನು ಎಲೆ ಕೊಡುತ್ತದೆ.

ಟಾಂಪಾ: ಒಂದು ಊರಿನ ಕಥೆ

ಸಿಗಾರ್ ಮತ್ತು ಬಿಯರ್ ಒಂದೇ ನೆಲದಲ್ಲಿ ಬೇರೂರಿದ್ದನ್ನು ನೋಡಲು ಫ್ಲಾರಿಡದ ಟಾಂಪಾಕ್ಕಿಂತ ಒಳ್ಳೆಯ ಜಾಗವಿಲ್ಲ. ಕೀ ವೆಸ್ಟ್‌ನಲ್ಲಿ ಸಿಗಾರ್ ಕಾರ್ಖಾನೆ ನಡೆಸುತ್ತಿದ್ದ ವಿಸೆಂಟೆ ಮಾರ್ಟಿನೆಸ್ ಈಬೊರ್ 1885ರಲ್ಲಿ ಟಾಂಪಾ ಪಕ್ಕದಲ್ಲಿ ಜಾಗ ಕೊಂಡು ಈಬೊರ್ ಸಿಟಿ ಕಟ್ಟಿದ. ರೈಲು ಆಗಷ್ಟೇ ಬಂದಿತ್ತು, ಹವಾನದ ಎಲೆ ಹಡಗಿನಲ್ಲಿ ಬರಲು ಬಂದರಿತ್ತು, ಎಲೆ ಒಣಗದಂತೆ ಕಾಯುವ ತೇವದ ಹವೆಯಿತ್ತು. ಕ್ಯೂಬನ್ನರು, ಸ್ಪೇನಿನವರು, ಸಿಸಿಲಿಯ ಇಟಾಲಿಯನ್ನರು ಅಲ್ಲಿ ನೆಲೆಸಿದರು. ಸಾಲಾಗಿ ಕುಳಿತು ಎಲೆ ಸುತ್ತುವವರಿಗೆ ಎತ್ತರದ ಪೀಠದಿಂದ ಲೆಕ್ಟರ್ ಒಬ್ಬ ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಅವನ ಸಂಬಳವನ್ನು ಕೆಲಸಗಾರರೇ ಕೂಡಿಸಿ ಕೊಡುತ್ತಿದ್ದರು. 1931ರಲ್ಲಿ ಮಾಲೀಕರು ಲೆಕ್ಟರ್‌ಗಳನ್ನು ತೆಗೆದುಹಾಕಿದಾಗ ಕೆಲಸಗಾರರು ಮುಷ್ಕರ ಹೂಡಿದರು.

ಅದೇ ಈಬೊರ್ ಸಿಟಿಯಲ್ಲಿ 1896ರಲ್ಲಿ ಫ್ಲಾರಿಡ ಬ್ರೂಯಿಂಗ್ ಕಂಪನಿ ಆರಂಭವಾಯಿತು. ಅದರ ಬಿಯರ್ ಹಡಗು ಹತ್ತಿ ಕ್ಯೂಬಾಕ್ಕೆ ಹೋಗುತ್ತಿತ್ತು. ಕ್ಯೂಬಾದಿಂದ ಎಲೆ ಬರುವುದು, ಟಾಂಪಾದಿಂದ ಬಿಯರ್ ಹೋಗುವುದು, ಹೀಗೆ ಒಂದೇ ಸಮುದ್ರದಾರಿ ಎರಡನ್ನೂ ಬೆಸೆದಿತ್ತು. 1962ರ ಫೆಬ್ರುವರಿಯಲ್ಲಿ ಅಮೆರಿಕ ಕ್ಯೂಬಾದ ಜೊತೆ ವ್ಯಾಪಾರ ನಿಲ್ಲಿಸಿದಾಗ ಟಾಂಪಾಕ್ಕೆ ಹವಾನದ ಎಲೆ ಬರುವುದು ನಿಂತಿತು. 1895ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಶುರುವಾಗಿ ಆಮೇಲೆ ಟಾಂಪಾಕ್ಕೆ ಬಂದ ಜೆ.ಸಿ. ನ್ಯೂಮನ್ ಕಂಪನಿ, ಗಡಿಯಾರ ಗೋಪುರವಿರುವ 1910ರ ಕಟ್ಟಡದಲ್ಲಿ ಇಂದಿಗೂ ಸಿಗಾರ್ ತಯಾರಿಸುತ್ತಿದೆ.

2009ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಸಿಗಾರ್ ಸಿಟಿ ಬ್ರೂಯಿಂಗ್ ಈ ನಂಟನ್ನು ಲೋಟದೊಳಕ್ಕೇ ತಂದಿತು. ಸಿಗಾರ್ ಪೆಟ್ಟಿಗೆಗಳನ್ನು, ಸಿಗಾರ್ ಒಣಗದಂತೆ ಇಡುವ ಹ್ಯುಮಿಡರ್‌ಗಳನ್ನು ಮಾಡುವುದು ಸ್ಪ್ಯಾನಿಷ್ ಸೀಡರ್ ಎಂದು ಕರೆಯುವ ಸೆಡ್ರೆಲ ಒಡೊರಾಟ ಮರದಿಂದ. ಹೆಸರು ಹಾಗಿದ್ದರೂ ಅದು ದೇವದಾರಿನ ಬಳಗದ್ದಲ್ಲ, ಮಹಾಗನಿಯ ಬಳಗದ್ದು. ಈ ಬ್ರೂವರಿ ತನ್ನ ಹೈ ಅಲೈ ಐಪಿಎಯನ್ನು ಅದೇ ಮರದ ತುಂಡುಗಳ ಮೇಲೆ ಮಾಗಿಸಿ ‘ಹ್ಯುಮಿಡರ್ ಸೀರೀಸ್’ ಎಂದು ಹೊರತಂದಿತು. ಹಾಪ್ಸ್‌ನ ಕಿತ್ತಳೆ ಪರಿಮಳದ ಕೆಳಗೆ ಸಿಗಾರ್ ಪೆಟ್ಟಿಗೆ ತೆರೆದಾಗ ಬರುವ ಒಣಮರದ, ಬಿಳಿಮೆಣಸಿನ ವಾಸನೆ. ಎಲೆ ಉರಿಯದೆ, ಹೊಗೆ ಏಳದೆ ಸಿಗಾರ್ ಲೋಕದ ಒಂದು ಭಾಗ ಬಿಯರ್‌ಗೆ ದಕ್ಕಿದ್ದು ಹೀಗೆ.

ಸವಿಯುವ ಕ್ರಮ

ಸಿಗಾರನ್ನು ಶೇ. 65ರಿಂದ 70ರ ತೇವಾಂಶದಲ್ಲಿ ಕಾಪಾಡಬೇಕು. ಒಣಗಿದ ಸಿಗಾರ್ ಬಿಸಿಯಾಗಿ ಉರಿದು, ಯಾವ ಬಿಯರ್ ಇದ್ದರೂ ಕಹಿ ಮಾಡುತ್ತದೆ. ಹಚ್ಚುವಾಗ ಜ್ವಾಲೆಯನ್ನು ತುದಿಗೆ ತಾಗಿಸದೆ ತುಸು ಕೆಳಗೆ ಹಿಡಿದು, ಸಿಗಾರನ್ನು ತಿರುಗಿಸುತ್ತ ಅಂಚೆಲ್ಲ ಸಮನಾಗಿ ಕೆಂಪಾಗುವಂತೆ ಕಾಯಿಸುತ್ತಾರೆ. ಬಳಿಕ ನಿಮಿಷಕ್ಕೊಂದು ಸೆಳೆತ ಸಾಕು. ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯುವ ರೂಢಿಯಿಲ್ಲ. ಬಾಯಲ್ಲಿ ಆಡಿಸಿ, ಬಲ್ಲವರು ಸ್ವಲ್ಪವನ್ನು ಮೂಗಿನಿಂದ ಬಿಡುತ್ತಾರೆ.

ಮೊದಲ ಎರಡು ಗುಟುಕು ಬಿಯರನ್ನು ಬರಿದೇ ಕುಡಿದು ಅದರ ಸಿಹಿ ಕಹಿ ಗುರುತಿಸಬೇಕು. ಸಿಗಾರ್‌ನ ಮೊದಲ ಸೆಳೆತಗಳನ್ನೂ ಬಿಯರ್ ಇಲ್ಲದೆಯೇ ನೋಡಬೇಕು. ಆಮೇಲೆ ಹೊಗೆ ಬಿಟ್ಟು, ಬಾಯಿ ತೆರವಾದ ಮೇಲೆ ಗುಟುಕು. ಗುಟುಕು ಇಳಿದ ಮೇಲೆ ಮತ್ತೆ ಸೆಳೆತ. ಪ್ರತಿ ಸಲ ಗಮನಿಸಬೇಕಾದ ಪ್ರಶ್ನೆ ಒಂದೇ: ಎರಡನೆಯದು ಬಂದಾಗ ಮೊದಲನೆಯದರ ಯಾವ ರುಚಿ ಉಳಿಯಿತು, ಯಾವುದು ಹೋಯಿತು? ಸಿಗಾರ್‌ನ ಮೊದಲ ಮೂರನೇ ಒಂದು ಭಾಗ ಸೌಮ್ಯ, ನಡುವಿನದು ತುಂಬು ರುಚಿಯದು, ಕೊನೆಯದರಲ್ಲಿ ತೇವ ಮತ್ತು ಟಾರ್ ಸೇರಿ ಖಾರ, ಕಹಿ ಏರುತ್ತವೆ. ಜೊತೆ ಒಳ್ಳೆಯದೋ ಅಲ್ಲವೋ ಎಂದು ನಡುವಿನ ಭಾಗದಲ್ಲಿ ತೀರ್ಮಾನಿಸುವುದು ನ್ಯಾಯ. ಪಕ್ಕದಲ್ಲಿ ನೀರು ಇರಲೇಬೇಕು. ಬರಿ ಹೊಟ್ಟೆಯಲ್ಲಿ ಸಿಗಾರ್ ಹಚ್ಚಿದರೆ ನಿಕೋಟಿನ್‌ನಿಂದ ತಲೆಸುತ್ತು, ಓಕರಿಕೆ ಬರುವುದುಂಟು.

ಭಾರತದಲ್ಲಿ

ದಕ್ಷಿಣ ಭಾರತಕ್ಕೆ ತನ್ನದೇ ಆದ ಚುಟ್ಟದ ಪರಂಪರೆಯಿದೆ. ತಿರುಚಿರಾಪಳ್ಳಿಯ ಉರೈಯೂರಿನ ಚುಟ್ಟ 19ನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ರಫ್ತಾಗುತ್ತಿತ್ತು. 1887ರಲ್ಲಿ ಬಂದ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಅದರ ಬೂದಿಯೇ ಒಂದು ಸುಳಿವು. ಗೋದಾವರಿಯ ನಡುಗಡ್ಡೆಗಳಲ್ಲಿ ಲಂಕ ಹೊಗೆಸೊಪ್ಪು ಬೆಳೆಯುತ್ತದೆ. ತಮಿಳುನಾಡಿನ ವೇಡಸಂದೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವೊಂದಿದೆ. ಕರ್ನಾಟಕದ ಬೆಳೆ ಬೇರೆ ಉಪಯೋಗದ್ದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ರೈತರು ಬ್ಯಾರನ್ ಎಂಬ ಕೋಣೆಗಳಲ್ಲಿ ಬಿಸಿಗಾಳಿಯಿಂದ ಹದಮಾಡುವ ಎಲೆಯಲ್ಲಿ ಸಕ್ಕರೆ ಉಳಿದುಕೊಳ್ಳುತ್ತದೆ, ಅದು ಸಿಗರೇಟಿಗೆ ಹೋಗುತ್ತದೆ. ನಿಪ್ಪಾಣಿ ಕಡೆಯ ಸೊಪ್ಪು ಬೀಡಿಗೆ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಗಂಧಗರಿಗೆ ಮರ ಸೆಡ್ರೆಲದ ಹತ್ತಿರದ ನೆಂಟ. ಅದರ ಹಗುರ, ಸುವಾಸನೆಯ ಹಲಗೆಯನ್ನು ಇಲ್ಲೂ ಸಿಗಾರ್ ಪೆಟ್ಟಿಗೆಗೆ ಬಳಸಿದ್ದುಂಟು.

ಬೆಂಗಳೂರಿನಲ್ಲಿ 2010ರ ದಶಕದ ಆರಂಭದಿಂದ ಮೈಕ್ರೊಬ್ರೂವರಿಗಳು ಬೆಳೆದು, ಗೋಧಿ ಬಿಯರ್, ಸ್ಟೌಟ್, ಬೆಲ್ಜಿಯನ್ ಏಲ್‌ಗಳು ಸಾಮಾನ್ಯ ಗ್ರಾಹಕರಿಗೂ ಪರಿಚಯವಾಗಿವೆ. ಸಿಗಾರ್‌ಗೆ ಕಾನೂನಿನ ಕಟ್ಟು ಬಿಗಿ. 2003ರ ಕೇಂದ್ರ ಕಾಯ್ದೆಯಡಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ತಂಬಾಕು ಖರೀದಿಯ ವಯಸ್ಸನ್ನು 18ರಿಂದ 21ಕ್ಕೂ, ನಿಷೇಧ ಮುರಿದವರ ದಂಡವನ್ನು 1,000 ರೂಪಾಯಿಗೂ ಏರಿಸಿದೆ.

ಆರೋಗ್ಯ

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿನ ಹೊಗೆಯನ್ನೂ ಮದ್ಯವನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿನಲ್ಲಿಟ್ಟಿದೆ. ಹೊಗೆ ಒಳಗೆ ಎಳೆಯದಿದ್ದರೆ ಸಿಗಾರ್ ನಿರಪಾಯ ಎಂಬ ನಂಬಿಕೆ ತಪ್ಪು. ಅದರ ಕ್ಷಾರೀಯ ಹೊಗೆಯಿಂದ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕವೇ ರಕ್ತಕ್ಕೆ ಸೇರುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರಿಗೆ ಸಿಗಾರ್ ಕಾರಣವೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರ ತನ್ನ ಗ್ರಂಥದಲ್ಲಿ ವಿವರಿಸಿದೆ. ಆಂಧ್ರ ಕರಾವಳಿಯ ಕೆಲವೆಡೆ ಉರಿಯುವ ತುದಿಯನ್ನು ಬಾಯೊಳಗಿಟ್ಟು ಚುಟ್ಟ ಸೇದುವ ಹೆಂಗಸರಲ್ಲಿ ಅಂಗುಳಿನ ಕ್ಯಾನ್ಸರ್ ಹೆಚ್ಚಾಗಿ ಕಂಡಿರುವುದು, ಹೊಗೆ ಬಾಯಲ್ಲೇ ಮಾಡುವ ಹಾನಿಗೆ ನೇರ ಸಾಕ್ಷಿ.

ಜೊತೆಗೂಡಿದಾಗ ಲೆಕ್ಕ ಬರಿಯ ಕೂಡಿಕೆಯಾಗಿ ಉಳಿಯುವುದಿಲ್ಲ. ಮದ್ಯಸಾರ ಬಾಯಿಯ ಒಳಪದರವನ್ನು ಸಡಿಲಿಸಿ ಹೊಗೆಯ ವಿಷಗಳಿಗೆ ದಾರಿ ಮಾಡುತ್ತದೆ, ತಾನೂ ಅಸಿಟಾಲ್ಡಿಹೈಡ್ ಎಂಬ ಕ್ಯಾನ್ಸರ್‌ಕಾರಕವಾಗಿ ಒಡೆಯುತ್ತದೆ. ಬಾಯಿ ಮತ್ತು ಅನ್ನನಾಳದ ಕ್ಯಾನ್ಸರ್‌ಗಳಲ್ಲಿ ಎರಡರ ಅಪಾಯ ಒಂದನ್ನೊಂದು ಗುಣಿಸಿದಂತೆ ಏರುತ್ತದೆ. ಕಟು ಸಿಗಾರ್‌ಗೆ ಗಾಢ ಬಿಯರ್ ಎಂಬ ರುಚಿಯ ನಿಯಮವೇ ಇಲ್ಲಿ ಕೇಡನ್ನು ಹೆಚ್ಚಿಸುವಂಥದ್ದು: ಶೇ. 5ರ ಬಿಯರ್‌ನ 330 ಮಿ.ಲೀ.ಯಲ್ಲಿ ಸುಮಾರು 13 ಗ್ರಾಂ ಮದ್ಯಸಾರವಿದ್ದರೆ, ಶೇ. 10ರ ಸ್ಟೌಟ್‌ನ ಅಷ್ಟೇ ಪ್ರಮಾಣದಲ್ಲಿ 26 ಗ್ರಾಂ ಇರುತ್ತದೆ. ಮದ್ಯಕ್ಕೆ ಸುರಕ್ಷಿತ ಮಿತಿಯೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬಾಯಿ ಕ್ಯಾನ್ಸರ್ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ.

ಈ ಹೊಂದಾಣಿಕೆಯಿಂದ ದೊರೆತ ತಿಳಿವು ಮಾತ್ರ ಹೊಗೆಯ ಆಚೆಗೂ ಉಪಯುಕ್ತ. ಹುದುಗುವಿಕೆ, ಹುರಿಯುವಿಕೆ, ಮರದ ಸಂಗ ಇವು ರುಚಿಯನ್ನು ಹೇಗೆ ಕಟ್ಟುತ್ತವೆ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. ಬಾಂಬರ್ಗ್‌ನ ಹೊಗೆ ಮಾಲ್ಟ್, ಟಾಂಪಾದ ಸೀಡರ್ ಐಪಿಎ, ಪೀಪಾಯಿಯಲ್ಲಿ ಮಾಗಿದ ಸ್ಟೌಟ್ ಮೂರೂ ಸಿಗಾರ್‌ನ ಮುಖ್ಯ ಪರಿಮಳಗಳನ್ನು ಹೊಗೆಸೊಪ್ಪು ಉರಿಸದೆಯೇ ಕೊಡಬಲ್ಲವು. ಬಿಯರ್ ಕುಡಿಯುವ ಅಭ್ಯಾಸ ಈಗಾಗಲೇ ಇದ್ದು ಸಿಗಾರ್‌ನ ರುಚಿಯ ಬಗ್ಗೆ ಕುತೂಹಲವಿರುವವರು ಈ ಬಿಯರ್‌ಗಳಿಂದಲೇ ಅದನ್ನು ಅರಿಯಬಹುದು. ಸಿಗಾರ್ ಹಚ್ಚುವ ಅಗತ್ಯವಿಲ್ಲ.